ಡಬ್ಬಿ ಎಳೆದು ಗೆರೆ ಬಗ್ಗಿಸಿದ ಬೆಜಿಯೆ

ಮೊದಲು ಒಂದು ಕೆಲಸ ಮಾಡಿ. ಈ ಪುಟದಲ್ಲಿರೋ ಯಾವುದಾದ್ರೂ ಅಕ್ಷರನ, 'ಅ' ಆಗ್ಲಿ 'ಠ' ಆಗ್ಲಿ, ಚೆನ್ನಾಗಿ ಜೂಮ್ ಮಾಡಿ ನೋಡಿ. ಅಂಚು ಒಡೆಯಲ್ಲ, ನುಣ್ಣಗೇ ಇರುತ್ತೆ. ಯಾಕಂದ್ರೆ ಫಾಂಟ್ ಫೈಲ್ ಒಳಗೆ ಅಕ್ಷರದ ಫೋಟೋ ಇಲ್ಲ. ಒಂದಷ್ಟು ಬಿಂದುಗಳಿವೆ, ಆ ಬಿಂದುಗಳಿಂದ ದುಂಡನೆ ಗೆರೆ ಎಳೆಯೋ ಒಂದು ಲೆಕ್ಕ ಇದೆ. ಆ ಗೆರೆಗೆ ತಮ್ಮ ಹೆಸರು ಕೊಟ್ಟವರು ಫಾಂಟ್ ಮಾಡಿದವರೇನಲ್ಲ, ಕಾರ್ ಫ್ಯಾಕ್ಟರಿಯಲ್ಲಿ ಟೂಲ್ ಡಿಸೈನ್ ಮಾಡ್ತಿದ್ದ ಮೆಕ್ಯಾನಿಕಲ್ ಎಂಜಿನಿಯರ್. ನಾವು ಕ್ಲಾಸಲ್ಲಿ ಬೆಜಿಯರ್ ಕರ್ವ್ ಅಂತೀವಿ. ಫ್ರೆಂಚರ ಬಾಯಲ್ಲಿ ಕೊನೆಯ 'ರ್' ಇಲ್ಲ, ಬರೀ ಬೆಜಿಯೆ.

ಪಿಯರ್ ಬೆಜಿಯೆ ಹುಟ್ಟಿದ್ದು 1910ರ ಸೆಪ್ಟೆಂಬರ್ 1ರಂದು, ಪ್ಯಾರಿಸ್‌ನಲ್ಲಿ. ಅಪ್ಪನೂ ಎಂಜಿನಿಯರ್, ತಾತನೂ ಎಂಜಿನಿಯರ್. 1930ರಲ್ಲಿ ಮೆಕ್ಯಾನಿಕಲ್ ಮುಗಿಸಿ, ಸಾಲದು ಅಂತ ಮರುವರ್ಷ ಎಲೆಕ್ಟ್ರಿಕಲ್ ಡಿಗ್ರಿನೂ ತಗೊಂಡ್ರು. (ನಮಗೆ ಒಂದು ಬ್ರ್ಯಾಂಚೇ ಹೆಚ್ಚಾಗಿದೆ.) 1933ರಲ್ಲಿ ರೆನೋ ಕಂಪನಿ ಸೇರಿದವರು ಅಲ್ಲೇ 42 ವರ್ಷ ಇದ್ದರು. ಶುರುಮಾಡಿದ್ದು ದೊಡ್ಡ ಕುರ್ಚಿಯಿಂದಲ್ಲ, ಮಷೀನ್‌ಗೆ ಟೂಲ್ ಸೆಟ್ ಮಾಡೋ ಕೆಲಸದಿಂದ. ಎರಡನೇ ಮಹಾಯುದ್ಧದಲ್ಲಿ ಯುದ್ಧಖೈದಿಯಾದರು. ಅಲ್ಲೂ ತಲೆಯಲ್ಲಿ ಓಡ್ತಿದ್ದದ್ದು ಆಟೋಮ್ಯಾಟಿಕ್ ಮಷೀನುಗಳೇ. ಯುದ್ಧ ಮುಗಿದ ಮೇಲೆ ರೆನೋದ ಪುಟ್ಟ ಕಾರು 4ಸಿವಿ ತಯಾರಿಸಲು ಬೇಕಾದ ಟ್ರಾನ್ಸ್‌ಫರ್ ಲೈನುಗಳನ್ನ ರೂಪಿಸಿದರು.

ಅವರಿಗೆ ನಿಜವಾಗಿ ತಲೆನೋವಾಗಿದ್ದದ್ದು ಕಾರಿನ ಬಾಡಿ. ಆಗ ಅದು ಹೇಗೆ ತಯಾರಾಗ್ತಿತ್ತು ಅಂದ್ರೆ, ಮೊದಲು ಕಲಾವಿದರು ಜೇಡಿಮಣ್ಣಿನ ಮಾದರಿ ಮಾಡೋರು. ಅದರಿಂದ ಅಳತೆ ತೆಗೆದು ಡ್ರಾಫ್ಟ್ಸ್‌ಮನ್‌ಗಳು ಅಡ್ಡಸೀಳು ಚಿತ್ರ ಬರೆಯೋರು. ಆ ಚಿತ್ರ ನೋಡಿ ಇನ್ನೊಬ್ಬರು ಮಾಸ್ಟರ್ ಮಾದರಿ ಕೆತ್ತೋರು, ಅದನ್ನ ಕಾಪಿ ಮಿಲ್ಲಿಂಗ್ ಮಾಡಿ ಪ್ರೆಸ್ಸಿನ ಡೈ. ಪ್ರತಿ ಹಂತದಲ್ಲೂ ಕೂದಲೆಳೆಯಷ್ಟು ತಪ್ಪು ಸೇರಿಕೊಳ್ಳೋದು. ಕೊನೆಗೆ ಬಾಗಿಲು ಸರಿಯಾಗಿ ಕೂರಲಿಲ್ಲ ಅಂದ್ರೆ ತಪ್ಪು ಯಾರದು? ಚಿತ್ರ ಸರಿನಾ, ಮಾದರಿ ಸರಿನಾ, ಡೈ ಸರಿನಾ? ಎರಡು ಬಿಂದುಗಳ ನಡುವೆ ಮೇಲ್ಮೈ ಎಲ್ಲಿದೆ ಅಂತ ಖಡಾಖಂಡಿತವಾಗಿ ಹೇಳೋ ಒಂದು ದಾಖಲೆಯೇ ಇರಲಿಲ್ಲ. 1960ರ ಹೊತ್ತಿಗೆ, ಐವತ್ತು ತುಂಬುತ್ತಿದ್ದ ಬೆಜಿಯೆ, ಆಕಾರವನ್ನೇ ಅಂಕಿಗಳಲ್ಲಿ ಬರೆದಿಟ್ಟುಬಿಡೋಣ ಅಂತ ಹೊರಟರು. ಎಲ್ಲರಿಗೂ ಅದೇ ಅಂಕಿ.

ಗಣಿತ ಗೊತ್ತಿಲ್ಲದ ಡಿಸೈನರ್‌ಗೂ ಅದು ಕೈಗೆ ಸಿಗಬೇಕಿತ್ತು. ಒಂದು ಘನದೊಳಗೆ ಎರಡು ಎಲಿಪ್ಟಿಕ್ ಸಿಲಿಂಡರ್‌ಗಳು ಸೇರೋ ಜಾಗದ ಗೆರೆಯನ್ನ ಅವರು ಮೂಲವಾಗಿ ಇಟ್ಟುಕೊಂಡರು. ಘನವನ್ನ ಓರೆಯಾಗಿ ಎಳೆದ್ರೆ ಒಳಗಿನ ಗೆರೆಯೂ ಜೊತೆಗೆ ಬಾಗುತ್ತೆ. ಗೆರೆ ಮುಟ್ಟೋದೇ ಬೇಡ, ಡಬ್ಬಿ ಎಳೆದ್ರೆ ಸಾಕು! ಮುಂದೆ ಸಿಲಿಂಡರ್ ಬಿಟ್ಟು ಪಾಲಿನಾಮಿಯಲ್‌ಗೆ ಬಂದರು. ಈಗ ನಾವು ಓದೋ ರೂಪದಲ್ಲಿ ನಾಲ್ಕು ಬಿಂದು: ಗೆರೆ ಮೊದಲನೆಯದರಿಂದ ಹೊರಟು ನಾಲ್ಕನೆಯದಕ್ಕೆ ಮುಟ್ಟುತ್ತೆ, ನಡುವಿನ ಎರಡು ಅದನ್ನ ತಮ್ಮ ಕಡೆ ಸೆಳೆಯುತ್ತವೆ. ಪ್ಯಾರಾಮೀಟರ್ ಅರ್ಧಕ್ಕೆ ಬಂದಾಗ ನಾಲ್ಕರ ತೂಕ 1, 3, 3, 1; ಎಲ್ಲ ಕೂಡಿಸಿ 8ರಿಂದ ಭಾಗಿಸಿ, ಬಿಂದು ಸಿಕ್ತು.

ಪ್ಯಾರಾಮೀಟರನ್ನ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಏರಿಸಿದ್ರೆ ಬಿಂದುಗಳ ಸಾಲು ಬರುತ್ತೆ. ಟೂಲ್ ಪಾತ್ ಹುಟ್ಟೋದು ಅಲ್ಲಿಂದಲೇ. ಆದ್ರೆ ಬಾಲ್ ನೋಸ್ ಕಟರ್‌ನ ಕೇಂದ್ರ ಮೇಲ್ಮೈ ಮೇಲೆ ಓಡಲ್ಲ, ಲಂಬ ದಿಕ್ಕಿನಲ್ಲಿ ತನ್ನ ತ್ರಿಜ್ಯದಷ್ಟು ದೂರ ಓಡುತ್ತೆ. ಒಳಬಾಗಿದ ಕಡೆ ಮೇಲ್ಮೈಯ ತ್ರಿಜ್ಯ ಕಟರ್‌ಗಿಂತ ಸಣ್ಣದಿದ್ರೆ ಕಟರ್ ಜಾಬನ್ನೇ ತಿಂದುಹಾಕುತ್ತೆ. ಅದಕ್ಕೇ ನಮ್ಮ ಲ್ಯಾಬಲ್ಲಿ ಸಿಮ್ಯುಲೇಶನ್ ಓಡಿಸದೆ ಸೈಕಲ್ ಸ್ಟಾರ್ಟ್ ಒತ್ತೋಕೆ ಬಿಡಲ್ಲ. ಬೆಜಿಯೆ ಕಾಲದಲ್ಲಿ ಅಂಥ ಸ್ಕ್ರೀನ್ ಎಲ್ಲಿತ್ತು? ಅವರ ಯುನಿಸರ್ಫ್ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಹೇಳಿದಂತೆ ಒಂದು ಮಷೀನ್ ಗೆರೆಯನ್ನ ಪೂರ್ತಿ ಅಳತೆಯಲ್ಲಿ ಬರೆಯೋದು, ಇನ್ನೊಂದು ಮೆದು ಫೋಮನ್ನ ಕೆತ್ತಿ ತೋರಿಸೋದು. ತಪ್ಪಿದ್ರೆ ಹೋಗೋದು ಫೋಮ್ ಮಾತ್ರ, ಉಕ್ಕಿನ ಡೈ ಅಲ್ಲ.

ಕಂಪನಿಯೊಳಗೆ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಇದು ಅಷ್ಟು ಒಳ್ಳೇ ಐಡಿಯಾ ಆಗಿದ್ರೆ ಅಮೆರಿಕದವರು ಯಾವಾಗಲೋ ಮಾಡಿರೋರು ಅನ್ನೋ ಮಾತು ಕೇಳಬೇಕಾಯ್ತು. ನಮಗೆ ಇದು ಓದಿ ನಗು ಬಂತು, ಆಮೇಲೆ ನಮ್ಮ ಪ್ರಾಜೆಕ್ಟ್ ರಿವ್ಯೂಗಳು ನೆನಪಾಗಿ ಸುಮ್ಮನಾದೆವು. ಬೆಜಿಯೆ ಒನೆಸಿಮ್ ಡ್ಯುರಾಂಡ್ ಅನ್ನೋ ಪ್ರೊಫೆಸರನ್ನೇ ಕಲ್ಪಿಸಿ, ಈ ಫಂಕ್ಷನ್‌ಗಳು ಅವರವು ಅಂತ ಹೇಳ್ತಿದ್ದರಂತೆ. ಅಂಥ ಪ್ರೊಫೆಸರ್ ಇರಲೇ ಇಲ್ಲ. 1968ರ ಹೊತ್ತಿಗೆ ಯುನಿಸರ್ಫ್ ರೆನೋದಲ್ಲಿ ಬಳಕೆಗೆ ಬಂದಿತ್ತು. 1975ರಲ್ಲಿ ನಿವೃತ್ತಿ, ಅದಾದ ಮೇಲೆ, 1977ರಲ್ಲಿ, ಡಾಕ್ಟರೇಟ್!

ಒಂದು ವಿಷಯ ಮುಚ್ಚಿಡಬಾರದು. ಅದೇ ಊರಿನ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ತೆಲ್ಜೊ ಅನ್ನೋ ಗಣಿತಜ್ಞರು 1959ರಲ್ಲೇ, ಅಂದ್ರೆ ಬೆಜಿಯೆಗಿಂತ ಮುಂಚೆಯೇ, ಇದೇ ಗೆರೆಯನ್ನ ಬೇರೆ ದಾರಿಯಿಂದ ಕಂಡುಕೊಂಡಿದ್ದರು. ಕಂಪನಿ ಅದನ್ನ ಗುಟ್ಟಾಗಿ ಇಟ್ಟುಕೊಂಡಿತು. ಬೆಜಿಯೆ ತಮ್ಮ ಕೆಲಸ ಪ್ರಕಟಿಸಿದರು, ಹೆಸರು ಅವರದಾಯಿತು. ನ್ಯಾಯವಾ ಅಂತ ನಾವು ಹಾಸ್ಟೆಲ್‌ನಲ್ಲಿ ಬಹಳ ಹೊತ್ತು ವಾದ ಮಾಡಿದೆವು, ಬಗೆಹರಿಯಲಿಲ್ಲ. ಬೆಜಿಯೆ 1999ರ ನವೆಂಬರ್ 25ರಂದು ತೀರಿಕೊಂಡರು, ಕಾಸ್ತೆಲ್ಜೊ 2022ರಲ್ಲಿ. ಈಗ ಪುಸ್ತಕಗಳಲ್ಲಿ ಗೆರೆಯ ಹೆಸರು ಬೆಜಿಯೆಯದು, ಅದರ ಮೇಲಿನ ಬಿಂದು ಕಂಡುಹಿಡಿಯೋ ಆಲ್ಗರಿದಂ ಕಾಸ್ತೆಲ್ಜೊ ಅವರದು.