ಮಕ್ಕಳ ನ್ಯಾಯಪೀಠದ ಮುಂದೆ ನಿಂತ ಗುರು



ಹದಿನೆಂಟು ವರ್ಷ ತುಂಬಿದ ಮಾತ್ರಕ್ಕೆ ಯಾರೂ ಸತ್ಪ್ರಜೆಗಳಾಗುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಪರರ ಹಕ್ಕನ್ನು ಮನ್ನಿಸುವುದು, ತನ್ನ ತಪ್ಪಿಗೆ ತಾನೇ ಹೊಣೆಯಾಗುವುದು ಎಳವೆಯಲ್ಲಿಯೇ ನಿತ್ಯದ ನಡೆಯಾಗಬೇಕು. ಈ ಸತ್ಯವನ್ನು ಬದುಕಿ ತೋರಿದ ಮಹಾನುಭಾವರು ಪೋಲೆಂಡ್ ದೇಶದ ಯಾನುಷ್ ಕೋರ್ಚಾಕ್.

ವಾರ್ಸಾ ನಗರದ ಯಹೂದಿ ಮನೆತನದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿಟ್. ಕೋರ್ಚಾಕ್ ಎಂಬುದು ಬರವಣಿಗೆಗಾಗಿ ಇಟ್ಟುಕೊಂಡ ಹೆಸರು. ಮಕ್ಕಳ ವೈದ್ಯರೆಂದು ಹೆಸರಾಗಿದ್ದ ಅವರು 1912ರಲ್ಲಿ ಆ ನಗರದ ಕ್ರೋಖ್ಮಾಲ್ನಾ ಬೀದಿಯ ಅನಾಥಾಲಯದ ಹೊಣೆ ಹೊತ್ತರು. ಮದುವೆಯಾಗಲಿಲ್ಲ, ಆಲಯದ ಮಕ್ಕಳೇ ಅವರ ಸಂಸಾರವಾದರು. ಸ್ಟೆಫಾನಿಯಾ ವಿಲ್ಚಿನ್ಸ್ಕಾ ಎಂಬ ಮಹಾತಾಯಿ ಆ ಸೇವೆಯಲ್ಲಿ ಅವರಿಗೆ ಹೆಗಲು ಕೊಟ್ಟರು.

ಅಲ್ಲಿ ಕಸ ಗುಡಿಸುವುದರಿಂದ ಹಿಡಿದು ಅಡುಗೆಮನೆಯ ಕೆಲಸದವರೆಗೆ ಮಕ್ಕಳಿಗೆ ಸರದಿಯಿತ್ತು. ಹೊಸದಾಗಿ ಬಂದ ಮಗುವಿಗೆ ಹಳೆಯ ಮಗುವೇ ಪೋಷಕ. ಮಕ್ಕಳೇ ಆರಿಸಿದ ಸಂಸತ್ತಿತ್ತು. ಜಗಳ ಬಂದಾಗ ಬೆತ್ತ ಹೊರಬರುತ್ತಿರಲಿಲ್ಲ, ಮಕ್ಕಳ ನ್ಯಾಯಪೀಠ ಕೂಡುತ್ತಿತ್ತು. ಆ ವಾರ ಯಾರ ಮೇಲೆ ದೂರಿಲ್ಲವೋ ಅಂಥವರಲ್ಲಿ ಚೀಟಿ ಎತ್ತಿ ಐವರನ್ನು ನ್ಯಾಯಾಧೀಶರನ್ನಾಗಿ ಕೂರಿಸುತ್ತಿದ್ದರು. ಅವರ ಕಾನೂನಿನ ಮೊದಲ 99 ಕಲಮುಗಳು ದೂರು ಕೈಬಿಡುವುದಕ್ಕೆ ಮತ್ತು ಕ್ಷಮಿಸುವುದಕ್ಕೆ ಮೀಸಲು. ಮನೆಯಿಂದ ಹೊರಹಾಕುವ ಶಿಕ್ಷೆ ಕಟ್ಟಕಡೆಯ 1000ನೆಯ ಕಲಮಿನಲ್ಲಿತ್ತು.

ಆ ಪೀಠದ ಮುಂದೆ ಹಿರಿಯರಿಗೂ ವಿನಾಯಿತಿ ಇರಲಿಲ್ಲ. ಹುಡುಗನೊಬ್ಬನ ಕಿವಿಗೆ ಹೊಡೆದದ್ದಕ್ಕೆ, ಹುಡುಗಿಯೊಬ್ಬಳನ್ನು ಕಳ್ಳಿಯೆಂದು ಶಂಕಿಸಿದ್ದಕ್ಕೆ ಕೋರ್ಚಾಕರು ತಮ್ಮ ಮೇಲೆ ತಾವೇ ದೂರಿತ್ತು ನಿಂತರು. ಹೀಗೆ ಅರ್ಧ ವರ್ಷದಲ್ಲಿ ಐದು ಬಾರಿ ವಿಚಾರಣೆಗೆ ಒಳಗಾದರು. ಇದರಿಂದ ಗುರುವಿನ ಗೌರವ ಕುಂದಿತೇ? ಇಲ್ಲ. ನ್ಯಾಯದ ಮುಂದೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲವೆಂದು ಮಕ್ಕಳು ಕಣ್ಣಾರೆ ಕಂಡರು.

1939ರಲ್ಲಿ ಹಿಟ್ಲರನ ಸೇನೆ ಪೋಲೆಂಡನ್ನು ಆಕ್ರಮಿಸಿತು. ಮರುವರ್ಷ ಯಹೂದಿಗಳನ್ನೆಲ್ಲ ಗೋಡೆ ಕಟ್ಟಿದ ಕೇರಿಯೊಳಗೆ ಕೂಡಿದರು; ಅನಾಥಾಲಯವೂ ಅಲ್ಲಿಗೆ ಹೋಯಿತು. ಕೋರ್ಚಾಕರು ಮನೆಮನೆ ತಿರುಗಿ ಮಕ್ಕಳಿಗಾಗಿ ಅನ್ನ ಬೇಡಿದರು. 1942ರ ಜುಲೈನಲ್ಲಿ ಆ ಹಸಿದ ಮಕ್ಕಳಿಂದ ನಮ್ಮ ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನು ಆಡಿಸಿದರು. ಸಾವಿನ ಎದುರು ಮಗುವೊಂದು ಶಾಂತವಾಗಿರುವ ಕಥೆಯದು. ಆಗಸ್ಟ್ ತಿಂಗಳಲ್ಲಿ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾದ ವಧಾಸ್ಥಾನಕ್ಕೆ ಸಾಗಿಸಿದರು. ತಪ್ಪಿಸಿಕೊಳ್ಳುವ ದಾರಿಯನ್ನು ಸ್ನೇಹಿತರು ತೋರಿದ್ದರೂ ಕೋರ್ಚಾಕರು ಮಕ್ಕಳ ಕೈ ಬಿಡಲಿಲ್ಲ. ಸ್ಟೆಫಾನಿಯಾ ಕೂಡ ಹೊರಟರು. ಯಾರೂ ಹಿಂದಿರುಗಲಿಲ್ಲ.

ಆದರೆ ಅವರ ವಿಚಾರ ಅಳಿಯಲಿಲ್ಲ. ಪೋಲೆಂಡ್ ಮುಂದಿಟ್ಟ ಪ್ರಸ್ತಾವದಿಂದ ಮೊದಲಾಗಿ 1989ರಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 1992ರಲ್ಲಿ ನಮ್ಮ ಭಾರತವೂ ಅದಕ್ಕೆ ಒಪ್ಪಿಗೆಯಿತ್ತಿತು.

ಆದ್ದರಿಂದ ಹಿರಿಯರಾದವರು ನಿಮ್ಮೂರ ಶಾಲೆಯತ್ತ ಒಮ್ಮೆ ಹೋಗಿ ಬನ್ನಿ. ಮಕ್ಕಳ ಅಂಕಗಳನ್ನು ಕೇಳುವಂತೆಯೇ, ಅಲ್ಲಿ ಅವರ ಮಾತನ್ನು ಕೇಳುವವರು ಇದ್ದಾರೆಯೇ ಎಂದೂ ವಿಚಾರಿಸಿ. ಮನೆಯಲ್ಲಿ ನಾವು ತಪ್ಪಿದಾಗ ಮಗುವಿನ ಮುಂದೆ ಒಪ್ಪಿಕೊಳ್ಳೋಣ. ಪ್ರಜಾಧರ್ಮದ ಮೊದಲ ಪಾಠ ಅಲ್ಲಿಂದಲೇ ಆರಂಭ.