ನಗೆಗಾರನ ವ್ರತ

ಡಿಕನ್ಸನ ‘ಆಲಿವರ್ ಟ್ವಿಸ್ಟ್’ ಕಾದಂಬರಿಗೆ ಚಿತ್ರ ಬರೆದ ಜಾರ್ಜ್ ಕ್ರುಕ್‌ಶ್ಯಾಂಕನ ಹೆಸರು ಸಾಹಿತ್ಯಾಸಕ್ತರಿಗೆ ಅಪರಿಚಿತವಲ್ಲ. ಆದರೆ ತನ್ನ ಬಾಳಿನ ಉತ್ತರಾರ್ಧವನ್ನು ಅವನು ಪಾನನಿರೋಧಕ್ಕೆ ಮುಡಿಪಿಟ್ಟ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿಯದು. ಎಳೆಯರನ್ನು ತಿದ್ದುವಲ್ಲಿ ನಗೆಯ ಶಕ್ತಿಯೆಷ್ಟು, ಅದರ ಮೇರೆಯೆಲ್ಲಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

1792ರ ಸೆಪ್ಟೆಂಬರ್ 27ರಂದು ಲಂಡನ್ನಿನಲ್ಲಿ ಹುಟ್ಟಿದ ಜಾರ್ಜನಿಗೆ ವ್ಯಂಗ್ಯಚಿತ್ರಕಾರನಾದ ತಂದೆ ಐಸಾಕನೇ ಗುರು. ಮಗನಿಗೆ ಕಲೆಯನ್ನು ಧಾರೆಯೆರೆದ ಆ ತಂದೆ 1811ರಲ್ಲಿ ಕುಡಿತಕ್ಕೆ ಬಲಿಯಾದನು. ಮಗನೂ ತಾರುಣ್ಯದಲ್ಲಿ ಪಾನಗೋಷ್ಠಿಗಳಿಂದ ಹಿಂದೆಗೆದವನಲ್ಲ. ಅವನ ವ್ಯಂಗ್ಯವೋ ಅತಿ ಹರಿತ. ದೊರೆ ನಾಲ್ಕನೆಯ ಜಾರ್ಜನನ್ನು ಅನೈತಿಕ ಸನ್ನಿವೇಶಗಳಲ್ಲಿ ಚಿತ್ರಿಸದಿರಲೆಂದು 1820ರಲ್ಲಿ ಅವನಿಗೆ 100 ಪೌಂಡು ತೆರಬೇಕಾಯಿತು.

ತಾನು ಕುಡಿಯುತ್ತಿದ್ದ ಕಾಲದಲ್ಲಿಯೇ ಅವನು ಕುಡಿತವನ್ನು ನಗೆಗೀಡು ಮಾಡಿದ್ದನು. ಇಂಗ್ಲಿಷಿನಲ್ಲಿ ಜಿನ್ ಎಂದರೆ ಮದ್ಯವೂ ಹೌದು, ಬೋನೂ ಹೌದು. 1829ರ ಒಂದು ಚಿತ್ರದಲ್ಲಿ ಈ ಶ್ಲೇಷೆಯೇ ರೂಪುತಾಳಿದೆ. ಜಿನ್ ಅಂಗಡಿಯಲ್ಲಿ ಸಂಸಾರವೊಂದು ಕುಡಿಯುತ್ತ ನಿಂತಿದೆ. ನಿಂತಿರುವುದು ಬಾಯ್ದೆರೆದ ಬೋನಿನೊಳಗೆ. ಪಕ್ಕದಲ್ಲಿ ಮೃತ್ಯು ಕಾದಿದ್ದಾನೆ. ಕೆಲವು ವರ್ಷಗಳ ಬಳಿಕ, ಪಾಶ್ಚಾತ್ಯ ಪ್ರವಾಸಿಗಳು ಉತ್ಪ್ರೇಕ್ಷಿಸಿ ವರ್ಣಿಸಿದ್ದ ಪುರಿಯ ಜಗನ್ನಾಥರಥವನ್ನು ಎರವಲು ಪಡೆದು, ಜನರನ್ನು ಅರೆದು ಸಾಗುವ ಜಿನ್ ರಥವನ್ನು ಬರೆದನು.

1847ರಲ್ಲಿ ‘ದಿ ಬಾಟಲ್’ ಎಂಬ ಎಂಟು ಚಿತ್ರಗಳ ಮಾಲೆ ಸಿದ್ಧವಾಯಿತು. ನೆಮ್ಮದಿಯ ಮನೆಗೆ ಒಂದು ಸೀಸೆ ಬರುತ್ತದೆ, ಸಾಮಾನು ಜಫ್ತಿಯಾಗುತ್ತದೆ, ಕೂಸು ಸಾಯುತ್ತದೆ, ಕಡೆಗೆ ಗಂಡ ಅದೇ ಸೀಸೆಯಿಂದ ಹೆಂಡತಿಯನ್ನು ಕೊಂದು ಹುಚ್ಚಾಸ್ಪತ್ರೆ ಸೇರುತ್ತಾನೆ. ಇದನ್ನು ನೋಡಿದ ಪಾನನಿರೋಧ ಸಂಘದ ಅಧ್ಯಕ್ಷರು, ಬರೆದವನು ತಾನೇ ಏಕೆ ಕುಡಿತ ಬಿಟ್ಟಿಲ್ಲವೆಂದು ಕೇಳಿದರು. ಪ್ರಶ್ನೆ ನಾಟಿತು. ಐವತ್ತೈದರ ಹೊಸ್ತಿಲಲ್ಲಿ ಅವನು ವ್ರತ ತೊಟ್ಟನು. ಮರುವರ್ಷವೇ ಆ ಕುಡುಕನ ಮಕ್ಕಳ ದುರ್ಗತಿಯನ್ನು ಇನ್ನೊಂದು ಮಾಲೆಯಲ್ಲಿ ಚಿತ್ರಿಸಿದನು. ಗೆಳೆಯ ಡಿಕನ್ಸನಾದರೋ ಒಪ್ಪಲಿಲ್ಲ. ದಾರಿದ್ರ್ಯ, ಕೊಳಕು ವಸತಿ, ಅಜ್ಞಾನಗಳನ್ನು ಕಾಣದೆ ಸೀಸೆಯೊಂದನ್ನೇ ದೂರುವುದು ಅರೆಸತ್ಯವೆಂಬುದು ಅವನ ವಾದ.

ಮನಸ್ತಾಪ ಬೆಳೆದದ್ದು ಮಕ್ಕಳ ಕಥೆಗಳಿಂದ. 1823ರಲ್ಲಿ ಗ್ರಿಮ್ ಸೋದರರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಸೊಗಸಾದ ಚಿತ್ರಗಳನ್ನು ಕೊಟ್ಟಿದ್ದ ಕೈಯೇ 1853ರಲ್ಲಿ ಹಳೆಯ ಕಥೆಯೊಂದನ್ನು ಪಾನನಿರೋಧದ ಪಾಠವಾಗಿ ತಿದ್ದಿತು. ಡಿಕನ್ಸನು ಸಿಂಡರೆಲಾ ಕಥೆಯನ್ನು ಹಾಗೆಯೇ ನೀತಿಬೋಧೆಗಳಿಂದ ತುಂಬಿ ಬರೆದು ಅಣಕಿಸಿದನು. ನಗಿಸುತ್ತಿದ್ದವನು ತಾನೇ ನಗೆಗೀಡಾದನು! ಆದರೂ ಬಗ್ಗಲಿಲ್ಲ. 1854ರಲ್ಲಿ ಬಂದ ಅವನ ಸಿಂಡರೆಲಾಳ ಮದುವೆಯಲ್ಲಿ ರಾಜ್ಯದ ಮದ್ಯವೆಲ್ಲ ಬೆಂಕಿಗೆ ಆಹುತಿಯಾಗುತ್ತದೆ.

1878ರ ಫೆಬ್ರವರಿ 1ರಂದು ತೀರಿಕೊಂಡ ಅವನಿಗೆ ಸೇಂಟ್ ಪಾಲ್ ದೇವಾಲಯದ ನೆಲಮಾಳಿಗೆಯಲ್ಲಿ ಸಮಾಧಿ ದೊರೆಯಿತು. ಅವನು ಗುಟ್ಟಾಗಿ ನಡೆಸಿದ್ದ ಇನ್ನೊಂದು ಸಂಸಾರ ಬೆಳಕಿಗೆ ಬಂದದ್ದು ಆಮೇಲೆ. ಪರಿಪೂರ್ಣನಲ್ಲ, ಆದರೂ ತೊಟ್ಟ ವ್ರತವನ್ನು ಮೂವತ್ತು ವರ್ಷ ಮುರಿಯಲಿಲ್ಲ.

ಸಿಂಡರೆಲಾಳಿಗೆ ಹೊರಿಸಿದ ಉಪದೇಶಕ್ಕಿಂತ ಆ ಬೋನಿನ ಚಿತ್ರವೇ ನನಗೆ ಹಿರಿದಾಗಿ ತೋರುತ್ತದೆ. ಅಲ್ಲಿ ಅವನು ಬೋನನ್ನು ತೋರಿಸಿ ಸುಮ್ಮನಾಗುತ್ತಾನೆ. ನಕ್ಕ ತರುಣನು ತನ್ನ ಕಾಲಬುಡವನ್ನು ತಾನೇ ನೋಡಿಕೊಳ್ಳುತ್ತಾನೆ.