500 ಪೌಂಡಿನ ಕಿಟಕಿ: ಸಿಸಿಲಿ ಸಾಂಡರ್ಸ್ ಅವರ ಜೀವನ

ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಮನೆಗಳಲ್ಲಿ ಹಿರಿಯರೊಬ್ಬರು ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದರೆ ಬಾರ್ಶಿಗೋ ಸೊಲ್ಲಾಪುರಕ್ಕೋ ಲಾತೂರಿಗೋ ಕರೆದೊಯ್ಯುತ್ತೇವೆ. ಇನ್ನು ಚಿಕಿತ್ಸೆಯಿಂದ ಫಲವಿಲ್ಲವೆಂದು ತಿಳಿದ ದಿನ ಮನೆಗೆ ಕರೆತರುತ್ತೇವೆ. ಆಮೇಲಿನ ನೋವು, ನಿದ್ದೆಯಿಲ್ಲದ ರಾತ್ರಿ, ಬೆನ್ನಿನ ಹುಣ್ಣು ಎಲ್ಲವೂ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುತ್ತವೆ. ಆ ದಿನಗಳಲ್ಲಿಯೂ ವೈದ್ಯವಿದ್ಯೆ ಮಾಡಬೇಕಾದ ಕೆಲಸ ಬಹಳಷ್ಟಿದೆ ಎಂದು ತೋರಿಸಿಕೊಟ್ಟು, ಅದಕ್ಕೆ ಬೇಕಾದ ಹಣವನ್ನೂ ಅರ್ಜಿ ಬರೆದು ಬರೆದು ಕೂಡಿಸಿದ ಮಹಿಳೆಯೊಬ್ಬರ ಜೀವನವನ್ನು ಇಂದು ನಮ್ಮ ಓದುಗ ಕುಟುಂಬಗಳ ಮುಂದಿಡುತ್ತಿದ್ದೇವೆ.

ಸಿಸಿಲಿ ಸಾಂಡರ್ಸ್ 1918ರ ಜೂನ್ 22ರಂದು ಲಂಡನ್ನಿನ ಉತ್ತರಕ್ಕಿರುವ ಬಾರ್ನೆಟ್‌ನಲ್ಲಿ ಜನಿಸಿದರು. ಅನುಕೂಲಸ್ಥ ಮನೆತನ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿರುವಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಓದನ್ನು ನಡುವೆಯೇ ನಿಲ್ಲಿಸಿ ಅವರು ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಯಲ್ಲಿ ದಾದಿಯ ತರಬೇತಿ ಪಡೆದರು. ಬೆನ್ನುನೋವು ಆ ವೃತ್ತಿಯನ್ನು ಮುಂದುವರಿಸಲು ಬಿಡಲಿಲ್ಲ. ಬಳಿಕ ಅವರು ಆಸ್ಪತ್ರೆಯಲ್ಲಿ ರೋಗಿಗಳ ಸಂಸಾರದ ಕಷ್ಟಗಳನ್ನು ವಿಚಾರಿಸಿ ನೆರವು ಒದಗಿಸುವ ಸಮಾಜಸೇವಾ ಕಾರ್ಯಕರ್ತೆಯಾದರು.

1947ರಲ್ಲಿ ಅವರ ಆರೈಕೆಗೆ ಬಂದವರು ಡೇವಿಡ್ ಟಾಸ್ಮಾ. ವಾರ್ಸಾ ನಗರದಿಂದ ಪಾರಾಗಿ ಬಂದಿದ್ದ ಪೋಲಿಷ್ ಯಹೂದಿ, ವಯಸ್ಸು ನಲವತ್ತು, ಗುಣವಾಗದ ಕ್ಯಾನ್ಸರ್. ಲಂಡನ್ನಿನಲ್ಲಿ ತಮ್ಮವರೆನ್ನುವ ಬಂಧುಗಳಿಲ್ಲ, ಸುತ್ತಲಿನ ಭಾಷೆ ತಾಯ್ನುಡಿಯಲ್ಲ. ಇಂಥವರು ನೆಮ್ಮದಿಯಿಂದ ಕೊನೆಯುಸಿರೆಳೆಯುವ ಒಂದು ಮನೆ ಹೇಗಿರಬೇಕೆಂಬುದು ಇಬ್ಬರ ನಡುವಿನ ಮಾತುಕತೆಯ ವಿಷಯವಾಯಿತು. 1948ರ ಫೆಬ್ರವರಿಯಲ್ಲಿ ಟಾಸ್ಮಾ ತೀರಿಕೊಂಡರು. ತಮ್ಮಲ್ಲಿದ್ದ 500 ಪೌಂಡುಗಳನ್ನು, ಮುಂದೆ ಕಟ್ಟಲಿರುವ ಆ ಮನೆಯಲ್ಲಿ ತಾವೊಂದು ಕಿಟಕಿಯಾಗಿ ಉಳಿಯಬೇಕೆಂಬ ಆಸೆಯೊಂದಿಗೆ, ಸಾಂಡರ್ಸ್ ಅವರಿಗೆ ಬಿಟ್ಟುಹೋದರು. ಆಗ ಮನೆಯಿರಲಿಲ್ಲ, ನಿವೇಶನವೂ ಇರಲಿಲ್ಲ. ಇದ್ದುದು ಕಿಟಕಿಯ ಹಣ ಮಾತ್ರ.

ವೈದ್ಯರಲ್ಲದವರ ಮಾತಿಗೆ ವೈದ್ಯಲೋಕ ಕಿವಿಗೊಡುವುದಿಲ್ಲವೆಂಬ ಸಲಹೆ ಶಸ್ತ್ರವೈದ್ಯರೊಬ್ಬರಿಂದ ಬಂದಾಗ, ಮೂವತ್ತು ದಾಟಿದ್ದ ಸಾಂಡರ್ಸ್ ಮತ್ತೆ ವಿದ್ಯಾರ್ಥಿನಿಯಾದರು. 1957ರಲ್ಲಿ ವೈದ್ಯೆಯಾಗಿ ತೇರ್ಗಡೆ ಹೊಂದಿ, ಮರುವರ್ಷ ಹ್ಯಾಕ್ನಿಯ ಸೇಂಟ್ ಜೋಸೆಫ್ ಆಶ್ರಯಧಾಮದಲ್ಲಿ ಸಂಶೋಧನೆಗೆ ತೊಡಗಿದರು. ನೋವು ತಡೆಯಲಾಗದೆ ರೋಗಿ ಕೂಗಿದ ಮೇಲೆ ಮದ್ದು ಕೊಡುವುದು ಅಂದಿನ ರೂಢಿ. ಸಾಂಡರ್ಸ್ ನೋವು ಮರಳುವ ಮೊದಲೇ, ಗಡಿಯಾರ ನೋಡಿ ನಿಯಮಿತವಾಗಿ ಮಾರ್ಫಿನ್ ಕೊಡುವ ಕ್ರಮವನ್ನು ನೆಲೆಗೊಳಿಸಿದರು. ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ದಾಖಲಿಸಿದರು. ಸಾಯುವವರ ನೋವು ದೇಹದ್ದಷ್ಟೇ ಅಲ್ಲ; ಮನಸ್ಸಿನದು, ಸಂಸಾರದ್ದು, ಆತ್ಮದ್ದು ಕೂಡ ಎಂಬ ಸಮಗ್ರ ನೋವಿನ ಕಲ್ಪನೆ ಅವರದು.

ಅನುದಾನದ ಕಥೆ ಇಲ್ಲಿಂದ ಆರಂಭವಾಗುತ್ತದೆ. 1959ರಲ್ಲಿ ಅವರು ದಾದಿಯರ ಪತ್ರಿಕೆಯೊಂದರಲ್ಲಿ ಅಂತ್ಯಕಾಲದ ಆರೈಕೆಯ ಬಗ್ಗೆ ಆರು ಲೇಖನಗಳನ್ನು ಪ್ರಕಟಿಸಿದರು. ಅದೇ ಅವಧಿಯಲ್ಲಿ ಒಂದು ಯೋಜನಾಪತ್ರವನ್ನು ಸಿದ್ಧಪಡಿಸಿದರು. ಅದರಲ್ಲಿ ಕರುಣೆಯ ಮೊರೆಗಿಂತ ಲೆಕ್ಕಕ್ಕೆ ಹೆಚ್ಚಿನ ಸ್ಥಾನವಿತ್ತು: ಅರುವತ್ತು ಹಾಸಿಗೆ, ಬೇಕಾಗುವ ಸಿಬ್ಬಂದಿ, ಕಟ್ಟಡದ ಒಂದಾವರ್ತಿ ವೆಚ್ಚ, ವರ್ಷವರ್ಷವೂ ಬರುವ ನಿರ್ವಹಣೆಯ ವೆಚ್ಚ, ಸರಕಾರಿ ಆರೋಗ್ಯ ಸೇವೆಯೊಡನೆ ಮಾಡಿಕೊಳ್ಳಬೇಕಾದ ಒಪ್ಪಂದ. ಆರೈಕೆ, ಬೋಧನೆ, ಸಂಶೋಧನೆ ಮೂರೂ ಒಂದೇ ಸೂರಿನಡಿ ನಡೆಯಬೇಕೆಂಬುದು ಅವರ ಹಟ. ಒಂದು ಮನೆಯಲ್ಲಿ ಕಲಿತದ್ದು ಉಳಿದ ಆಸ್ಪತ್ರೆಗಳಿಗೂ ಹರಡಬೇಕೆಂಬುದು ಅದರ ಉದ್ದೇಶ.

1961ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ದತ್ತಿಸಂಸ್ಥೆಯಾಗಿ ರೂಪುಗೊಂಡಿತು. ಬಳಿಕ ಪತ್ರಗಳ ಮೇಲೆ ಪತ್ರ, ಭೇಟಿಯ ಮೇಲೆ ಭೇಟಿ. ಕಿಂಗ್ ಎಡ್ವರ್ಡ್ಸ್ ಹಾಸ್ಪಿಟಲ್ ಫಂಡ್, ಸಿಟಿ ಪರೋಕಿಯಲ್ ಫೌಂಡೇಶನ್ ಮೊದಲಾದ ದತ್ತಿಸಂಸ್ಥೆಗಳು ನೆರವಿತ್ತವು. 1963ರಲ್ಲಿ ಸಿಡನ್‌ಹ್ಯಾಮ್‌ನಲ್ಲಿ ನಿವೇಶನ ಕೈಗೆ ಬಂತು. 1965ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. 1967ರಲ್ಲಿ ಬಾಗಿಲು ತೆರೆಯಿತು. ಟಾಸ್ಮಾ ಅವರ ಕಿಟಕಿಗೆ ಸುತ್ತ ಗೋಡೆ ಬರಲು 19 ವರ್ಷ ಹಿಡಿಯಿತು. ಎರಡೇ ವರ್ಷಗಳಲ್ಲಿ, 1969ರಲ್ಲಿ, ದಾದಿಯರು ರೋಗಿಗಳ ಮನೆಗೇ ಹೋಗಿ ಆರೈಕೆ ನೀಡುವ ಸೇವೆಯೂ ಆರಂಭವಾಯಿತು. ಜಗತ್ತಿನ ನಾನಾ ದೇಶಗಳ ವೈದ್ಯರು, ದಾದಿಯರು ಅಲ್ಲಿಗೆ ಕಲಿಯಲು ಬಂದರು. 2005ರ ಜುಲೈ 14ರಂದು ಸಾಂಡರ್ಸ್ ತಾವು ಕಟ್ಟಿದ ಅದೇ ಮನೆಯಲ್ಲಿ, ಕ್ಯಾನ್ಸರ್ ರೋಗಿಯಾಗಿ, ಕಣ್ಮುಚ್ಚಿದರು.

ಆ ಚಿಂತನೆ ನಮ್ಮ ನಾಡಿಗೂ ಬಂದಿದೆ. 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಸದನ, 1993ರಲ್ಲಿ ಕೋಳಿಕ್ಕೋಡಿನಲ್ಲಿ ನೋವು ಮತ್ತು ಉಪಶಮನ ಆರೈಕೆಯ ಸಂಘ ಆರಂಭವಾದವು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಟ್ರಸ್ಟ್ 1999ರಲ್ಲಿ ಕರುಣಾಶ್ರಯವನ್ನು ತೆರೆದು, ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತ ಬಂದಿದೆ. 2014ರ ಕಾನೂನು ತಿದ್ದುಪಡಿ ನೋವಿನ ಮದ್ದಾದ ಮಾರ್ಫಿನ್ ಆಸ್ಪತ್ರೆಗಳಿಗೆ ದೊರೆಯುವ ದಾರಿಯನ್ನು ಸುಗಮಗೊಳಿಸಿತು.

ನಮ್ಮ ಗಡಿಭಾಗದ ಪ್ರಶ್ನೆ ಇನ್ನೊಂದಿದೆ. ಪೇಟೆಯಲ್ಲಿ, ಕಚೇರಿಯಲ್ಲಿ ಜೀವನವಿಡೀ ಮರಾಠಿ ಆಡಿದ ಅಜ್ಜ ಹಾಸಿಗೆ ಹಿಡಿದಾಗ ನರಳುವುದು ಕನ್ನಡದಲ್ಲಿ. ಎಲ್ಲಿ ನೋವು, ಎಂಥ ನೋವು, ಯಾವ ಚಿಂತೆ ಎಂಬುದನ್ನು ವೈದ್ಯರಿಗೆ ತಿಳಿಸಲು ಕನ್ನಡ ಶಾಲೆಗೆ ಹೋಗುವ ಮೊಮ್ಮಗಳೇ ದುಭಾಷಿಯಾಗಬೇಕು. ಎಳೆಯ ಮಗುವಿನ ಹೆಗಲಿಗೆ ಅದು ಭಾರವಾದ ಹೊರೆ. ಅಜ್ಜ ಆಕೆಯ ಮುಂದೆ ಹೇಳಲಾರದ ಮಾತುಗಳೂ ಇರುತ್ತವೆ.

ಆದುದರಿಂದ ನಮ್ಮ ಮಠಗಳು, ಶಿಕ್ಷಣ ಸಂಸ್ಥೆಗಳು, ಹಳೆಯ ವಿದ್ಯಾರ್ಥಿಗಳ ಸಂಘಗಳು ಮನೆಬಾಗಿಲಿನ ಉಪಶಮನ ಆರೈಕೆಗೆ ಅನುದಾನ ಕೇಳಬಯಸಿದರೆ ಸಾಂಡರ್ಸ್ ಅವರ ಕ್ರಮವನ್ನೇ ಅನುಸರಿಸಬಹುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ ಆರೋಗ್ಯ ಸೇವೆಗೂ ಸಲ್ಲುತ್ತದೆ. ಅದಕ್ಕೆ ಸಂಸ್ಥೆಯ ನೋಂದಣಿ, ಪರಿಶೋಧಿತ ಲೆಕ್ಕಪತ್ರ ಬೇಕು. ಮೊದಲು ಊರೂರಿನ ರೋಗಿಗಳ ಅಗತ್ಯವನ್ನು ಬರೆದಿಡಬೇಕು. ಒಮ್ಮೆ ಆಗುವ ಖರ್ಚು ಬೇರೆ, ತಿಂಗಳ ಖರ್ಚು ಬೇರೆ ಎಂದು ವಿಂಗಡಿಸಬೇಕು. ಅನುದಾನ ಮುಗಿದ ಮೇಲೆ ದಾದಿಯ ಸಂಬಳ ಎಲ್ಲಿಂದ ಬರುವುದೆಂಬುದಕ್ಕೆ ಅರ್ಜಿಯಲ್ಲಿಯೇ ಉತ್ತರವಿರಬೇಕು. ಸಿಬ್ಬಂದಿಯ ಪಟ್ಟಿಯಲ್ಲಿ, ಮರಾಠಿಯೊಡನೆ ಕನ್ನಡವನ್ನೂ ಬಲ್ಲ ಒಬ್ಬ ದಾದಿ ಬೇಕೆಂಬ ಸಾಲನ್ನು ನಾವು ಮರೆಯದೆ ಸೇರಿಸಬೇಕು.